ಉಗುರುಬಣ್ಣದ ಚುಕ್ಕೆ

ನಮ್ಮ ಸೋದರಮಾವ ಕಾಮಾಲೆಯಿಂದ ಸತ್ತ. ಹಾಗಂತ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಡಾಕ್ಟರು ಬೇರೆ ಏನೋ ಬರೆದಿದ್ದರು. ಆ ಚೀಟಿಯನ್ನು ಅಮ್ಮ ನಾಲ್ಕು ಮಡಿಕೆ ಮಾಡಿ ಎಲ್ಲಿಟ್ಟಳೋ ಅವಳಿಗೇ ಗೊತ್ತು. ಪಾಪ, ಡಾಕ್ಟರು ರೋಗದ ಹೆಸರು ಓದಿಕೊಂಡಿರುತ್ತಾರೆ. ಅಕ್ಕಪಕ್ಕದವರಿಗೆ ಯಾವ ಹೆಸರು ಹೇಳಬೇಕು ಅನ್ನುವುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ.

ಮಾವ ಶರ್ಟು ಹೊಲಿಯುತ್ತಿದ್ದ. ಒಂದೇ ಕೋಣೆಯ ಅಂಗಡಿ, ಹಿಂದೆ ಒಂದು ಸಣ್ಣ ಅಡುಗೆಮನೆ. ಅವನ ಜೊತೆ ಇನ್ನೊಬ್ಬ ಇದ್ದ. ಗುಂಡಿಯ ತೂತಿಗೆ ಸುತ್ತ ದಾರ ಹಾಕುವುದು ಅವನ ಕೆಲಸ. ಆ ತೂತಿಗೆ ಕಾಜಾ ಅನ್ನುತ್ತಾರೆ. ಅವನಿಗೂ ಎಲ್ಲರೂ ಕಾಜಾ ಅಂತಲೇ ಅನ್ನುತ್ತಿದ್ದರು. ಹನ್ನೆರಡು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ಹೊಲಿದರು, ಒಂದೇ ಒಲೆಯಲ್ಲಿ ಬೇಯಿಸಿಕೊಂಡರು, ಒಂದೇ ಚಾಪೆಯಲ್ಲಿ ಮಲಗಿದರು. ಅಮ್ಮ ಅದಕ್ಕೆ 'ಬಾಡಿಗೆ ಉಳೀತದೆ' ಅನ್ನುತ್ತಿದ್ದಳು.

ರಜೆಯಲ್ಲಿ ನಾನು ಅಲ್ಲಿ ಹೋಗಿ ಮಷಿನ್ನಿನ ಬಾಬಿನ್‌ಗೆ ದಾರ ಸುತ್ತಿ ಕೊಡುತ್ತಿದ್ದೆ. ಹಾಗಾಗಿ ಮಾವ ನನ್ನನ್ನು ಬಾಬಿನ್ ಅಂತ ಕರೆಯುತ್ತಿದ್ದ. ಅಣ್ಣ ನನ್ನನ್ನು ಮೂಗಿ ಅಂತ ಕರೆಯುತ್ತಿದ್ದ. ಎರಡು ಹೆಸರಿಗೂ ನಾನು ತಿರುಗಿ ನೋಡುತ್ತಿದ್ದೆ. ಮಾತಾಡುವುದು ನನಗೆ ಬರುತ್ತಿರಲಿಲ್ಲ. ನೋಡುವುದು ಬರುತ್ತಿತ್ತು.

ಮಾವ ಸೊರಗತೊಡಗಿದಾಗ ಅಮ್ಮ ಮತ್ತು ಅಣ್ಣ ಹೋಗಿ ಅವನನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದರು. ಅಂಗಡಿಗೆ ಬೀಗ ಬಿತ್ತು. ಕಾಜಾ ಬೀಗದ ಈಚೆ ನಿಂತ.

ನಾನು ಶಾಲೆ ಬಿಟ್ಟೆ ಅಂತ ಎಲ್ಲರೂ ಹೇಳುತ್ತಾರೆ. ಬಿಟ್ಟಿದ್ದು ನಾನಲ್ಲ. ಮನೆಯಲ್ಲಿ ರೋಗಿಯನ್ನು ಒಬ್ಬರು ನೋಡಿಕೊಳ್ಳಬೇಕಿತ್ತು. ಅಣ್ಣನಿಗೆ ಪರೀಕ್ಷೆ ಇತ್ತು, ಅಮ್ಮನಿಗೆ ಹೆದರಿಕೆ ಇತ್ತು. ನನಗೆ ಎರಡೂ ಇದ್ದವು. ಆದರೆ ನನ್ನದು ಏಳನೇ ಕ್ಲಾಸಿನ ಹುಡುಗಿಯ ಪರೀಕ್ಷೆ, ಏಳನೇ ಕ್ಲಾಸಿನ ಹುಡುಗಿಯ ಹೆದರಿಕೆ.

ಅಮ್ಮ ಒಂದು ಜೊತೆ ರಬ್ಬರಿನ ಕೈಗವಸು ತಂದಳು. ಅದನ್ನು ಹಾಕಿಕೊಂಡು ಮಾವನ ಊಟದ ತಟ್ಟೆಯನ್ನು ಬಾಗಿಲ ತನಕ ತಂದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಬರಿಗೈಯಲ್ಲಿ ಒಳಗೆ ಒಯ್ಯುತ್ತಿದ್ದೆ. ಹಾಸಿಗೆಯ ಬಟ್ಟೆ ದಿನಕ್ಕೆ ಮೂರು ಸಲ ಒಗೆಯುತ್ತಿದ್ದೆ. ಅವನ ಬೆನ್ನಿನ ಹುಣ್ಣು ಒರೆಸುತ್ತಿದ್ದೆ. ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುತ್ತಿದ್ದೆ. ಹನ್ನೆರಡು ವರ್ಷದ ನನ್ನ ತೋಳಿಗೆ ನಲವತ್ತು ವರ್ಷದ ಮಾವ ಭಾರವಾಗುತ್ತಿರಲಿಲ್ಲ. ಹೆದರಿಕೆ ಆಗುತ್ತಿದ್ದದ್ದು ಅದಕ್ಕೇ.

ಮೂರನೇ ದಿನ ಅಮ್ಮ ತನ್ನ ಮದುವೆಯ ಕಾಲದ ಉಗುರುಬಣ್ಣದ ಶೀಶೆ ಹುಡುಕಿ ತೆಗೆದಳು. "ಅವನ ತಟ್ಟೆ, ಚಮಚ, ಲೋಟದ ತಳಕ್ಕೆ ಒಂದೊಂದು ಚುಕ್ಕೆ ಇಡು. ಬೇರೆಯವುಗಳ ಜೊತೆ ಸೇರಬಾರದು" ಅಂದಳು. ಕೆಂಪು ಬಣ್ಣ. ನನ್ನ ಕೈಯಲ್ಲೇ ಇಡಿಸಿದಳು. ನನ್ನ ಕೈ ಸಣ್ಣದು, ಚುಕ್ಕೆ ದುಂಡಗೆ ಬರುತ್ತದೆ ಅಂತ.

ಮಾವ ಮಲಗಿಕೊಂಡೇ ನೀರು ಕುಡಿಯುತ್ತಿದ್ದ. ಲೋಟ ಎತ್ತಿದಾಗ ತಳ ಕಾಣುವುದು ನನಗೆ. ಆದರೆ ಒಂದು ದಿನ ಖಾಲಿ ಲೋಟ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. "ಏನೇ ಬಾಬಿನ್, ನನ್ನ ಲೋಟಕ್ಕೆ ಉಗುರು ಬಂದಿದೆಯಲ್ಲೇ" ಅಂದ. ನಕ್ಕ. ನಾನು ಲೋಟ ಕಿತ್ತುಕೊಂಡು ತೊಳೆಯಲು ಹೋದೆ.

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳು ನಾನು. ಈ ಸಂಗತಿಯನ್ನು ಯಾರೂ ಗಮನಕ್ಕೆ ತೆಗೆದುಕೊಂಡಿರಲಿಲ್ಲ.

ಕಾಜಾ ಸೈಕಲ್ಲಿನಲ್ಲಿ ಬರುತ್ತಿದ್ದ. ಗೇಟಿನ ಹತ್ತಿರ ನಿಲ್ಲುತ್ತಿದ್ದ. ಅಮ್ಮ ಕಿಟಕಿಯಿಂದ ನೋಡಿ ನನ್ನ ಬೆನ್ನಿಗೆ ಬೆರಳು ಒತ್ತುತ್ತಿದ್ದಳು. ನಾನು ಗೇಟಿಗೆ ಹೋಗಿ ಹೇಳುತ್ತಿದ್ದೆ: "ಮಾವ ಮಲಗಿದ್ದಾನೆ."

"ದೊಡ್ಡಾಸ್ಪತ್ರೆಯಲ್ಲಿ ಮಾತ್ರೆ ಕೊಡ್ತಿದ್ದಾರೆ ಕಣಮ್ಮ" ಅನ್ನುತ್ತಿದ್ದ. "ಸಾಲಲ್ಲಿ ನಿಂತರೆ ಸಾಕು. ನಾನು ನಿಂತೆ, ನನಗೆ ಕೊಟ್ಟರು. ಅವನನ್ನೂ ಕರ್ಕೊಂಡು ಹೋಗ್ತೀನಿ. ಎಬ್ಬಿಸು."

"ಮಾವ ಮಲಗಿದ್ದಾನೆ."

ಮಾವ ಮಲಗಿರುತ್ತಿರಲಿಲ್ಲ. ಸೈಕಲ್ಲಿನ ಬೆಲ್ಲು ಅವನಿಗೆ ಕೇಳಿಸುತ್ತಿತ್ತು. "ಕಾಜಾ ಬಂದನಾ?" ಅಂತ ಕೇಳುತ್ತಿದ್ದ. "ಇಲ್ಲ ಮಾವ, ಹಾಲಿನವನು" ಅನ್ನುತ್ತಿದ್ದೆ. ಆ ಮೂರು ತಿಂಗಳಲ್ಲಿ ನಮ್ಮ ಮನೆಗೆ ಬಂದಷ್ಟು ಹಾಲಿನವರು ಯಾವ ಮನೆಗೂ ಬಂದಿರಲಿಕ್ಕಿಲ್ಲ.

ಅಮ್ಮ ಒಳಗೆ ಹೇಳುತ್ತಿದ್ದಳು, "ಆ ಸಾಲಲ್ಲಿ ನಿಂತರೆ ಊರಿಗೆಲ್ಲ ಗೊತ್ತಾಗತ್ತೆ. ಮನೇಲೇ ಇರಲಿ. ಗೌರವವಾಗಿ ಇರಲಿ."

ಮಾವ ಗೌರವವಾಗಿ ಇದ್ದ. ಗೌರವವಾಗಿ ವಾಂತಿ ಮಾಡಿದ. ಕೊನೆಗೆ ಮೂವತ್ತು ಕಿಲೋ ಗೌರವ ಉಳಿದಿತ್ತು.

ಕಡೆಯ ಸಲ ಬಂದಾಗ ಕಾಜಾ ಒಂದು ಹೊಸ ಶರ್ಟು ತಂದಿದ್ದ. ಅವನೇ ಕತ್ತರಿಸಿ, ಅವನೇ ಹೊಲಿದದ್ದು. ಮಾವನ ಹಳೆ ಅಳತೆಗಿಂತ ತುಂಬ ಚಿಕ್ಕದು. "ನೋಡದೇ ಅಂದಾಜಲ್ಲಿ ಹೊಲಿದೀನಿ" ಅಂದ. "ಕೂರತ್ತೋ ಇಲ್ಲವೋ. ಹಾಕಿ ನೋಡಿ ಹೇಳು. ಗುಂಡಿ ಇನ್ನೂ ಒಳಗೆ ಜರುಗಿಸಿ ಕೊಡ್ತೀನಿ." ಶರ್ಟನ್ನು ಗೇಟಿನ ಮೇಲೆ ಹಾಕಿ ಹೋದ. ಅವನ ಸೈಕಲ್ಲು ಮರೆಯಾದ ಮೇಲೆ ಅಮ್ಮ ಒಂದು ಕೋಲು ತಂದು ಅದನ್ನು ಎತ್ತಿದಳು. ಹಾವನ್ನು ಎತ್ತುತ್ತಾರಲ್ಲ, ಹಾಗೆ. ಹಿತ್ತಲಲ್ಲಿ ಹಾಕಿದಳು. ಸೀಮೆಎಣ್ಣೆ ನನ್ನ ಕೈಗೆ ಕೊಟ್ಟಳು.

ಕೋಣೆಯ ಕಿಟಕಿ ಹಿತ್ತಲಿಗೇ ಇತ್ತು.

"ಏನು ಸುಡ್ತಿದ್ದೀಯ ಬಾಬಿನ್?"

"ಕಸ, ಮಾವ."

"ಕಸಕ್ಕೆ ಹೊಸ ಬಟ್ಟೆ ವಾಸನೆ ಬರ್ತಿದೆ" ಅಂದ. ಗೋಡೆ ಕಡೆ ತಿರುಗಿದ. ಆಮೇಲೆ ಹಾಲಿನವನ ಬಗ್ಗೆ ಕೇಳಲಿಲ್ಲ. ಎಂಟು ದಿನಕ್ಕೆ ಹೋದ. ಕಾಮಾಲೆಯಿಂದ.

ಇಷ್ಟೆಲ್ಲ ಆಗಿ ಹನ್ನೊಂದು ವರ್ಷ. ಶಾಲೆಗೆ ಯಾರೂ ನನ್ನನ್ನು ವಾಪಸ್ ಕಳಿಸಲಿಲ್ಲ. ಇಷ್ಟು ಚೆನ್ನಾಗಿ ಒರೆಸಲು ಕಲಿತವಳಿಗೆ ಇನ್ನು ಓದು ಯಾಕೆ ಅಂತ ಇರಬೇಕು. ಈಗ ನಾನು ಒಂದು ಸಣ್ಣ ಸಿನಿಮಾ ಹಾಲ್‌ನಲ್ಲಿ ಕಸ ಗುಡಿಸುತ್ತೇನೆ. ತೊಂಬತ್ತು ಸೀಟು. ದೊಡ್ಡ ಥಿಯೇಟರಿನಲ್ಲಿ ಯಾರೂ ಹಾಕದ ಸಿನಿಮಾಗಳನ್ನು ಇಲ್ಲಿ ಹಾಕುತ್ತಾರೆ. ನೋಡಲು ಬರುವವರು ಓದಿದವರು. ಅವರು ಕಡಲೆಕಾಯಿ ಸಿಪ್ಪೆ ಹಾಕುವುದಿಲ್ಲ, ಏನೇನೋ ಬರೆದುಕೊಂಡ ಚೀಟಿ ಹರಿದು ಹಾಕುತ್ತಾರೆ.

ಒಂದು ಸೋಮವಾರ ಮ್ಯಾನೇಜರು ನನ್ನನ್ನು ಕರೆದರು.

"ಈ ವಾರ ಒಂದು ಥರದ ಸಿನಿಮಾ ಇದೆ. ಇಬ್ಬರು ಗಂಡಸರು. ಆ ರೋಗ. ನೋಡೋಕೆ ಎಂಥವರು ಬರ್ತಾರೋ ಹೇಳೋಕಾಗಲ್ಲ. ಟೀಗೆ ಪೇಪರ್ ಕಪ್ಪು ಇಡು. ಆಟ ಮುಗಿದ ಮೇಲೆ ಸೀಟಿಗೆಲ್ಲ ಫಿನಾಯಿಲ್ ಹಾಕಿ ಒರೆಸು."

"ಸೀಟಿಗಾ ಸರ್?"

"ಸೀಟಿಗೇ. ನೀನು ಮಾತಾಡ್ತೀಯ ಅಂತ ಗೊತ್ತೇ ಇರಲಿಲ್ಲ."

ಮೊದಲ ಆಟಕ್ಕೆ ಒಂಬತ್ತು ಜನ. ನಾನು ಬಕೆಟ್ಟು ಇಟ್ಟುಕೊಂಡು ಹಿಂದಿನ ಮೆಟ್ಟಿಲ ಮೇಲೆ ಕೂತೆ. ಯಾವ ಸಿನಿಮಾವನ್ನೂ ನಾನು ಪೂರ್ತಿ ನೋಡಿದವಳಲ್ಲ. ಇದರಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ಒಂದೇ ಒಂದು ಕೋಣೆ. ಕ್ಯಾಮೆರಾ ಎರವಲು ತಂದದ್ದಿರಬೇಕು, ಅಲ್ಲಲ್ಲಿ ನಡುಗುತ್ತದೆ. ಒಬ್ಬ ಬಸ್ಸು ಓಡಿಸುವವನು, ಇನ್ನೊಬ್ಬ ಕ್ಷೌರದವನು. ಬಸ್ಸಿನವನಿಗೆ ಕಾಯಿಲೆ. ಅವನು ತೆಳ್ಳಗಾದಂತೆಲ್ಲ ಪ್ಯಾಂಟು ಜಾರುತ್ತದೆ. ಕ್ಷೌರದವನು ಮೊಳೆ ಕಾಯಿಸಿ ಬೆಲ್ಟಿಗೆ ಹೊಸ ತೂತು ಮಾಡುತ್ತಾನೆ. ತಿಂಗಳಾದ ಮೇಲೆ ಇನ್ನೊಂದು. ಆಮೇಲೆ ಇನ್ನೊಂದು. ಪ್ರತಿ ಸಲ ಬೆಲ್ಟು ಬಿಗಿದು, ಹೊಟ್ಟೆಗೆ ಕೈ ತಟ್ಟಿ, "ಆಯ್ತು, ಇನ್ನು ಜಾರಲ್ಲ" ಅನ್ನುತ್ತಾನೆ. ಕೊನೆಗೆ ಬೆಲ್ಟು ಒಂದೇ ಉಳಿಯುತ್ತದೆ, ಗೋಡೆಯ ಮೊಳೆಗೆ ನೇತಾಡುತ್ತ. ಏಳು ತೂತು. ತೂತುಗಳಲ್ಲಿ ಬೆಳಕು ಬರುತ್ತದೆ. ಸಿನಿಮಾ ಅಷ್ಟೇ.

ದೀಪ ಹತ್ತಿದಾಗ ನನ್ನ ಕೈ ಬಕೆಟ್ಟಿನೊಳಗೆ ಇತ್ತು. ಯಾವಾಗ ಹಾಕಿದೆನೋ. ಫಿನಾಯಿಲ್ಲಿಗೆ ಬೆರಳೆಲ್ಲ ಉರಿಯುತ್ತಿತ್ತು.

ಆಮೇಲೆ ಚರ್ಚೆ ಇತ್ತು. ಒಬ್ಬರು ಎದ್ದು "ಮೌನವನ್ನು ಬಹಳ ಚೆನ್ನಾಗಿ ಬಳಸಿದ್ದಾರೆ" ಅಂದರು. ನಾನು ಅವರ ಕಾಲಡಿ ಗುಡಿಸುತ್ತಿದ್ದೆ. ಅವರು ನನ್ನ ಕಡೆ ನೋಡದೆ ಎರಡೂ ಕಾಲು ಎತ್ತಿದರು. ಮೌನವನ್ನು ಅವರೂ ಚೆನ್ನಾಗಿಯೇ ಬಳಸಿದರು. ಇನ್ನೊಬ್ಬರು, ಈಗ ಕಾಲ ಬದಲಾಗಿದೆ, ಇಂಥ ತಾರತಮ್ಯ ಎಲ್ಲಿದೆ ಅಂತ ಕೇಳಿದರು. ಅವರು ಪೇಪರ್ ಕಪ್ಪಿನಲ್ಲಿ ಟೀ ಕುಡಿಯುತ್ತಿದ್ದರು. ಬೇರೆ ವಾರವೆಲ್ಲ ಇಲ್ಲಿ ಪಿಂಗಾಣಿ ಕಪ್ಪು.

ಬುಧವಾರದ ಆಟ ನೋಡಿದೆ. ಗುರುವಾರದ್ದೂ ನೋಡಿದೆ. ಬಸ್ಸಿನಲ್ಲಿ ಹೋಗುವಾಗ ನಿಂತವರ ಬೆಲ್ಟಿನ ತೂತು ಎಣಿಸತೊಡಗಿದೆ. ಒಬ್ಬಾತ ಬೈದ. ಸರಿಯೇ, ಅಪರಿಚಿತ ಗಂಡಸಿನ ಸೊಂಟ ನೋಡುವವಳು ಯಾವ ಸಭ್ಯಸ್ಥೆ. ಮನೆಯಲ್ಲಿ ಅಣ್ಣನ ಶರ್ಟಿಗೆ ಇಸ್ತ್ರಿ ಹಾಕುವಾಗ ಗುಂಡಿ ಮುಟ್ಟಲು ಆಗಲಿಲ್ಲ. ಸಿನಿಮಾದಲ್ಲಿ ಕ್ಷೌರದವನು ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತಿದ್ದ. ಆ ಬಾಗಿಲಲ್ಲಿ ಹನ್ನೆರಡು ವರ್ಷದ ಹುಡುಗಿ ಯಾರೂ ಇರಲಿಲ್ಲ. ನನಗೆ ತಡೆಯಲಾಗದೆ ಹೋದದ್ದು ಬೆಲ್ಟಿನ ತೂತಲ್ಲ. ಆ ಬಾಗಿಲು.

ಕಾಜಾ ಎಲ್ಲಿದ್ದಾನೆ ಅಂತ ನನಗೆ ಗೊತ್ತಿತ್ತು. ಬಟ್ಟೆ ಅಂಗಡಿಯ ಮೆಟ್ಟಿಲ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತಿರುತ್ತಾನೆ. ವರ್ಷಗಟ್ಟಲೆ ನಾನು ಅಲ್ಲಿಗೆ ಬಂದಾಗ ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಿದ್ದೆ. ಶುಕ್ರವಾರ ದಾಟಲಿಲ್ಲ.

"ಒಂದು ಸಿನಿಮಾ ಇದೆ" ಅಂದೆ.

ಸೂಜಿಯಿಂದ ಕಣ್ಣೆತ್ತಲಿಲ್ಲ. "ನನಗೆ ಯಾಕಮ್ಮ ಸಿನಿಮಾ. ಯಾರು ನೀನು?"

"ಬಾಬಿನ್."

ದಾರವನ್ನು ಹಲ್ಲಲ್ಲಿ ಕಡಿದ. ಶರ್ಟು ಮಡಿಸಿ ಪಕ್ಕಕ್ಕಿಟ್ಟ. "ಎಷ್ಟು ಹೊತ್ತಿಗೆ?" ಅಂದ.

ಶನಿವಾರ ಮಧ್ಯಾಹ್ನದ ಆಟವೇ ಕೊನೆಯದು. ಅವನು ಗೋಡೆ ಪಕ್ಕದ ಸೀಟಿನಲ್ಲಿ ಕೂತ. ನಾನು ಪರದೆ ನೋಡಲಿಲ್ಲ, ಅವನನ್ನು ನೋಡಿದೆ. ಅವನು ಅಳಲಿಲ್ಲ. ಬೆಲ್ಟಿಗೆ ತೂತು ಮಾಡುವಾಗ ಮಾತ್ರ ನಾಲಿಗೆಯಲ್ಲಿ ಚ್ಚು ಅಂದ. ಆಮೇಲೆ ಕೇಳಿದ್ದಕ್ಕೆ, "ಆ ತೂತಿನ ಅಂಚಿಗೆ ದಾರ ಹಾಕಬೇಕಿತ್ತು, ಹಾಗೇ ಬಿಟ್ಟರೆ ಹರಿಯತ್ತೆ" ಅಂದ.

ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದರು. ಕಾಜಾ ಹೊರಗೆ ಹೋಗುವ ತನಕ ಕಾದರು.

"ಆ ಗೋಡೆ ಪಕ್ಕದ ಸೀಟು ಎರಡು ಸಲ ಒರೆಸು. ಆ ಮನುಷ್ಯನ ಮುಖ ನೋಡಿದರೇ ಗೊತ್ತಾಗತ್ತೆ."

"ಒರೆಸಲ್ಲ ಸರ್."

"ಏನಂದೆ?"

"ಒರೆಸಲ್ಲ. ಕಕ್ಕಸು ತೊಳೀತೀನಿ. ಸೀಟು ಒರೆಸಲ್ಲ." ನಾನು ಹೋಗಿ ಆ ಸೀಟಿನಲ್ಲಿ ಕೂತೆ. ಇನ್ನೂ ಬೆಚ್ಚಗಿತ್ತು. "ಈಗ ನಾನೂ ಕೂತಿದ್ದೀನಿ. ನನ್ನನ್ನೂ ಒರೆಸಬೇಕಾಗತ್ತೆ."

ಅವರು ಬಕೆಟ್ಟು ನೋಡಿದರು, ನನ್ನನ್ನು ನೋಡಿದರು. ಕೆಲಸದಿಂದ ತೆಗೆಯಲಿಲ್ಲ. ಉದಾರಿಗಳು ಅಂತೇನಲ್ಲ. ಆ ಹಾಲ್‌ನ ಕಕ್ಕಸು ತೊಳೆಯಲು ಬಂದವರು ನನಗಿಂತ ಮುಂಚೆ ಯಾರೂ ಒಂದು ವಾರ ನಿಂತಿರಲಿಲ್ಲ. ನನ್ನ ಧೈರ್ಯಕ್ಕೆ ಬೆಂಬಲ ಕೊಟ್ಟಿದ್ದು ಆ ಕಕ್ಕಸು.

ಕಾಜಾ ಹೊರಗೆ ಕಟ್ಟೆ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ. ಹನ್ನೊಂದು ವರ್ಷದಿಂದ ಬಾಯಲ್ಲಿಟ್ಟುಕೊಂಡದ್ದನ್ನು ಹೇಳಿದೆ.

"ಮಾವ ಮಲಗಿರ್ತಿರಲಿಲ್ಲ. ಒಂದು ಸಲಾನೂ ಮಲಗಿರ್ತಿರಲಿಲ್ಲ. ನಾನು ಸುಳ್ಳು ಹೇಳ್ದೆ."

"ಗೊತ್ತು."

"ಗೊತ್ತಾ?"

"ಅವನು ಹಗಲು ಮಲಗೋನಲ್ಲ." ನನ್ನ ಕಡೆ ತಿರುಗಿದ. "ಶರ್ಟು ಕೂತಿತ್ತಾ?"

ಕೂತಿತ್ತು ಅಂದರೆ ಮುಗಿಯುತ್ತಿತ್ತು. ಒಂದೇ ಪದ. ಸುಳ್ಳು ನನಗೆ ಹೊಸದೂ ಅಲ್ಲ. ಆದರೆ ಆ ಗೇಟಿನಲ್ಲಿ ನಿಂತು ನಿಂತು ನನಗೆ ಸಾಕಾಗಿತ್ತು.

"ಸುಟ್ಟುಬಿಟ್ಟೆ. ಅಮ್ಮ ಕೊಟ್ಟಳು, ನಾನು ಸುಟ್ಟೆ. ಮಾವನಿಗೆ ವಾಸನೆ ಬಂತು. ಹೊಸ ಬಟ್ಟೆ ಅಂತ ಗೊತ್ತಾಯ್ತು ಅವನಿಗೆ."

ಕಾಜಾ ತನ್ನ ಬೆರಳುಗಳನ್ನು ನೋಡಿಕೊಂಡ. ಸೂಜಿ ಚುಚ್ಚಿ ಚುಚ್ಚಿ ತುದಿಯೆಲ್ಲ ಗಟ್ಟಿಯಾಗಿವೆ. "ಗೊತ್ತಾಯ್ತಾ" ಅಂದ. "ಹಾಗಾದರೆ ಬಂದಿದ್ದೆ ಅಂತ ಗೊತ್ತಾಯ್ತು."

ಅದು ಸಮಾಧಾನವೋ, ಬೈಗುಳವೋ, ನನಗೆ ಇನ್ನೂ ತಿಳಿದಿಲ್ಲ. ಎದ್ದು ನಿಂತು ಪ್ಯಾಂಟು ಒದರಿಕೊಂಡ. "ಅವನು ಇದ್ದ ಕೋಣೆ ತೋರಿಸ್ತೀಯಾ?"

ಈ ಸಲ ಗೇಟನ್ನು ನಾನೇ ತೆಗೆದೆ.

ಅಮ್ಮ ಅಡುಗೆಮನೆಯಿಂದ ಬಂದವಳು ಹಾಗೇ ನಿಂತಳು. ಅಣ್ಣ ಪೇಪರ್ ಓದುತ್ತಿದ್ದ. ಕಾಜಾ ಚಪ್ಪಲಿ ಹೊರಗೆ ಬಿಟ್ಟು "ಹೇಗಿದ್ದೀರಿ ಅಕ್ಕಾ" ಅಂದ. ಅಮ್ಮ "ಹೂಂ" ಅಂದಳು. ನಾನು ಅವನನ್ನು ಕೋಣೆಗೆ ಕರೆದುಕೊಂಡು ಹೋದೆ. ಈಗ ಅಲ್ಲಿ ಹಳೆ ಫ್ಯಾನು, ಅಣ್ಣನ ಬೂಟು, ಮುರಿದ ಕುರ್ಚಿ. ಕಾಜಾ ಕಿಟಕಿ ತನಕ ಹೋಗಿ ಹಿತ್ತಲು ನೋಡಿದ. ಆಮೇಲೆ ಮಾವ ಮಲಗುತ್ತಿದ್ದ ಗೋಡೆಗೆ ಅಂಗೈ ಇಟ್ಟ. ಬಟ್ಟೆಯ ಮಡಿಕೆ ಬಿಡಿಸುತ್ತಾರಲ್ಲ, ಹಾಗೆ ಒಂದು ಸಲ ಸವರಿದ. ಅಷ್ಟೆ.

"ಟೀ ಕುಡಿದು ಹೋಗು" ಅಂದೆ.

ಅಡುಗೆಮನೆಯಲ್ಲಿ ಅಮ್ಮ ನನ್ನ ರಟ್ಟೆ ಹಿಡಿದಳು. "ಪೇಪರ್ ಲೋಟ ಇದ್ಯಾ ನೋಡು."

"ಯಾಕೆ?"

"ಯಾಕೆ ಅಂದರೆ ಏನೇ. ಅವನಿಗೂ ಇರತ್ತಲ್ಲ."

ಗೋಡೆ ತೆಳ್ಳಗಿದೆ. ಕಾಜಾ ಅಲ್ಲಿಂದಲೇ ಹೇಳಿದ, "ಇದೆ ಅಕ್ಕಾ. ಮಾತ್ರೆ ತಿಂತೀನಿ. ಸಾಲಲ್ಲಿ ನಿಂತ್ಕೊಂಡು ತರ್ತೀನಿ. ಸಾಲು ಈಗ ಚಿಕ್ಕದಾಗಿದೆ. ಫ್ಯಾನೂ ಹಾಕಿದ್ದಾರೆ."

ನಾನು ಶೆಲ್ಫಿನಿಂದ ಸ್ಟೀಲ್ ಲೋಟಗಳನ್ನು ತೆಗೆದೆ. ಆರೂ ತೆಗೆದೆ. ಹಜಾರಕ್ಕೆ ತಂದು ಟೀಪಾಯಿ ಮೇಲೆ ಬೋರಲು ಹಾಕಿ ಸಾಲಾಗಿ ಇಟ್ಟೆ. ಇವೂ ಸಾಲಿನಲ್ಲಿ ನಿಲ್ಲಲಿ ಅಂತ.

"ಅಮ್ಮಾ, ಇದರಲ್ಲಿ ಮಾವನ ಲೋಟ ಯಾವುದು ಹೇಳು. ಅದರಲ್ಲೇ ಇವರಿಗೆ ಕೊಡೋಣ."

"ಅವನ ಲೋಟ ಆವತ್ತೇ ಎಸೆದಾಯ್ತಲ್ಲ. ನೀನೇ ಎಸೆದು ಬಂದೆ."

"ತಟ್ಟೆ, ಚಮಚ ಎಸೆದೆ. ಜೊತೆಗೆ ಹಿತ್ತಲಲ್ಲಿ ಬಿದ್ದಿದ್ದ ತೂತು ಲೋಟ ಎಸೆದೆ. ಯಾರು ಚೀಲ ಬಿಚ್ಚಿ ನೋಡಿದಿರಿ? ಮಾವನ ಲೋಟದ ಚುಕ್ಕೆಯನ್ನು ಅವನು ನೋಡಿದ ದಿನಾನೇ ತಂತಿಯಲ್ಲಿ ತಿಕ್ಕಿ ತೆಗೆದಿದ್ದೆ. ಅವನು ಇರೋವಾಗಲೇ ಸೇರಿಹೋಗಿತ್ತು. ಯಾವುದು ಅಂತ ನನಗೂ ಗೊತ್ತಿಲ್ಲ."

ಅಣ್ಣ ಪೇಪರ್ ಕೆಳಗಿಟ್ಟ. "ಏನು ಹೇಳ್ತಿದ್ದಾಳೆ ಮೂಗಿ?"

"ಹನ್ನೊಂದು ವರ್ಷದಿಂದ ಅದರಲ್ಲೇ ಕುಡೀತಿದ್ದೀಯ ಅಂತ ಹೇಳ್ತಿದ್ದೀನಿ. ಪರೀಕ್ಷೆ ದಿನ ಹಾಲು ಕುಡಿದು ಹೋಗಿದ್ದೂ ಅದರಲ್ಲೇ ಇರಬಹುದು. ಪಾಸಾದೆಯಲ್ಲ."

ಅಣ್ಣ ಎದ್ದು ಹಿತ್ತಲಿಗೆ ಹೋದ. ಬಾಯಿ ಮುಕ್ಕಳಿಸುವ ಸದ್ದು ಬಂತು. ಹನ್ನೊಂದು ವರ್ಷದ ನೀರನ್ನು ಒಂದೇ ಸಲಕ್ಕೆ ಉಗಿಯಲು ಹೋಗಿದ್ದ. ಪಾಪ, ಬಿಎಸ್ಸಿ ಓದಿದ್ದಾನೆ. ಲೋಟದಿಂದ ಬರುವುದಿಲ್ಲ ಅಂತ ಅವನ ಪುಸ್ತಕದಲ್ಲೇ ಇತ್ತು. ಚಿತ್ರದ ಸಮೇತ. ಅವನು ಜೋರಾಗಿ ಓದುವಾಗ ನಾನು ಪಕ್ಕದ ಕೋಣೆಯಲ್ಲಿ ಮಾವನ ಬೆನ್ನು ಒರೆಸುತ್ತ ಕೇಳಿಸಿಕೊಂಡಿದ್ದೆ.

ಅಮ್ಮ ಲೋಟಗಳನ್ನೇ ನೋಡುತ್ತಿದ್ದಳು. ಒಂದನ್ನು ಎತ್ತಿ ತಳ ನೋಡಿದಳು. ಇನ್ನೊಂದು ಎತ್ತಿದಳು. ಆರೂ ನೋಡಿದಳು. ಎಲ್ಲದರ ತಳದಲ್ಲೂ ಅವಳ ಮುಖವೇ ಕಂಡಿರಬೇಕು, ನಾನು ಹಾಗೆ ತಿಕ್ಕುತ್ತೇನೆ.

ನಾಲ್ಕು ಲೋಟಕ್ಕೆ ಟೀ ಹಾಕಿದೆ. ಕಾಜಾ ಒಂದನ್ನು ತೆಗೆದುಕೊಂಡ. ಬಾಯಿಗೆ ಕಚ್ಚಿಕೊಂಡೇ ಕುಡಿದ, ಪೂರ್ತಿ. ಖಾಲಿ ಲೋಟವನ್ನು ತಿರುಗಿಸಿ ತಳ ನೋಡಿದ.

"ಅಕ್ಕಾ, ಅವನಿಗೆ ಏನಾಗಿತ್ತು ಅಂತ ಯಾರಾದರೂ ಕೇಳಿದರೆ ಏನು ಹೇಳ್ತೀರಿ?"

ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕಾಮಾಲೆ" ಅಂದಳು. ಅವನಿಗೇ ಹೇಳಿದಳು. ಹನ್ನೆರಡು ವರ್ಷ ಒಂದೇ ಚಾಪೆಯಲ್ಲಿ ಮಲಗಿದವನಿಗೆ.

"ಏಡ್ಸ್" ಅಂದೆ ನಾನು. ಆ ಮನೆಯೊಳಗೆ ಆ ಪದವನ್ನು ಮೊದಲ ಸಲ ಯಾರೋ ಬಾಯಿಬಿಟ್ಟು ಹೇಳಿದ್ದು. ಸೂರು ಬೀಳಲಿಲ್ಲ. "ಮಾತ್ರೆ ಇತ್ತು. ಸಾಲು ಇತ್ತು. ಕರ್ಕೊಂಡು ಹೋಗೋರು ಗೇಟಲ್ಲಿ ನಿಂತಿದ್ದರು. ನಾವು ಬಿಡಲಿಲ್ಲ. ಇನ್ಮೇಲೆ ಕೇಳಿದವರಿಗೆ ನಾನು ಹೀಗೇ ಹೇಳ್ತೀನಿ."

ಕಾಜಾ ಲೋಟವನ್ನು ಮೆಲ್ಲಗೆ ಟೀಪಾಯಿ ಮೇಲಿಟ್ಟು ಚಪ್ಪಲಿ ಹಾಕಿಕೊಂಡ.

ಆ ಸಿನಿಮಾ ಹೋಗಿ ಎಂಟು ತಿಂಗಳಾಯಿತು. ಆಮೇಲೆ ಹತ್ತಾರು ಬಂದು ಹೋದವು, ಒಂದೂ ನೆನಪಿಲ್ಲ. ಬೆಲ್ಟಿನ ತೂತು ಮಾತ್ರ ಇವತ್ತಿಗೂ ಎಣಿಸುತ್ತೇನೆ. ಹಾಲ್‌ನಲ್ಲಿ ಮತ್ತೆ ಪಿಂಗಾಣಿ ಕಪ್ಪು ಬಂದಿದೆ. ಕಾಲ ನಿಜವಾಗಿಯೂ ಬದಲಾಗಿದೆ.

ನಮ್ಮ ಮನೆಯಲ್ಲೂ ಬದಲಾಗಿದೆ. ಆವತ್ತಿನ ಮರುದಿನವೇ ಅಮ್ಮ ಹೊಸ ಲೋಟ ತಂದಳು. ಹಳೆಯ ಆರರಲ್ಲಿ ಒಂದನ್ನು ಮಾತ್ರ ಉಳಿಸಿ, ನನಗೆ ಅಂತ ಕಿಟಕಿಯ ಮೇಲೆ ಬೇರೆ ಇಟ್ಟಳು. ಎತ್ತಿ ತಳ ನೋಡಿದೆ. ಕೆಂಪು ಚುಕ್ಕೆ. ಈ ಸಲ ಅವಳೇ ಇಟ್ಟಿದ್ದಾಳೆ. ವಯಸ್ಸಾಯಿತು, ಕೈ ನಡುಗಿ ಚುಕ್ಕೆ ದೊಡ್ಡದಾಗಿದೆ, ಒಂದು ಕಡೆ ಸೋರಿದೆ.

ನಾನು ಅದನ್ನು ತಿಕ್ಕಲಿಲ್ಲ. ದಿನಾ ಮಧ್ಯಾಹ್ನ ಕೆಲಸಕ್ಕೆ ಹೋಗುವಾಗ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಬಟ್ಟೆ ಅಂಗಡಿಯ ಮೆಟ್ಟಿಲ ಹತ್ತಿರ ಇಳಿಯುತ್ತೇನೆ. ಕಾಜಾ ಮಾವ ಫ್ಲಾಸ್ಕಿನಲ್ಲಿ ಟೀ ತಂದಿರುತ್ತಾನೆ. ಇರುವುದು ಒಂದೇ ಲೋಟ. ಮೊದಲು ಅವನು ಕುಡಿಯುತ್ತಾನೆ, ಆಮೇಲೆ ನಾನು. ಲೋಟ ಎತ್ತಿದಾಗ ಚುಕ್ಕೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಕಾಣಲಿ ಅಂತ ನಾನು ಸ್ವಲ್ಪ ಹೆಚ್ಚೇ ಎತ್ತಿ ಕುಡಿಯುತ್ತೇನೆ.